ಲಿಂಗ ಮುಟ್ಟಿ ಹೇಳಿದ ಮಾತು

ಗೋಕಾಕ ಫಾಲ್ಸಿನ ಮಿಲ್ಲಿನಲ್ಲಿ ನಾನು ಮೂವತ್ತೊಂದು ವರ್ಷ ಬಟ್ಟೆ ನೋಡಿದೆನು. ಮಗ್ಗದಿಂದ ಇಳಿದ ಬಟ್ಟೆಯನ್ನು ಇಳಿಜಾರು ಮೇಜಿನ ಮೇಲೆ ಎಳೆಯುತ್ತ, ಕೆಳಗಿನಿಂದ ದೀಪದ ಬೆಳಕು ಬಿಟ್ಟು, ಎಲ್ಲಿ ಎಳೆ ತಪ್ಪಿದೆ, ಎಲ್ಲಿ ಗಂಟು ಉಳಿದಿದೆ ಎಂದು ಗುರುತು ಹಾಕುವುದು ನನ್ನ ಕೆಲಸವಾಗಿತ್ತು. ಚೆಕ್ಕರ್ ದುಂಡಪ್ಪ ಎಂದೇ ಎಲ್ಲರೂ ಕರೆಯುತ್ತಿದ್ದರು. ಹೊಸದಾಗಿ ಬಂದವರಿಗೆ ನಾನು ಒಂದು ಮಾತು ಹೇಳಿಕೊಡುತ್ತಿದ್ದೆನು. ತಪ್ಪು ಇಲ್ಲೇ ಇರಬೇಕು ಎಂದುಕೊಂಡು ನೋಡಬೇಡಿರಿ. ಹಾಗೆ ನೋಡಿದರೆ ಇಲ್ಲದ ತಪ್ಪೂ ಕಾಣುತ್ತದೆ. ಬಟ್ಟೆಯನ್ನು ಅದರ ಪಾಡಿಗೆ ಹರಿಯಲು ಬಿಟ್ಟರೆ ತಪ್ಪು ತಾನಾಗಿ ಕಣ್ಣಿಗೆ ತಾಗುತ್ತದೆ. ಎಷ್ಟೋ ಜನರಿಗೆ ಕಲಿಸಿದ ಈ ಮಾತನ್ನು ನಾನೇ ಒಂದು ಸಲ ಮರೆತೆನು.

ನನ್ನ ಮಗ ಶ್ರೀಶೈಲ ವಾಯುಸೇನೆಯ ಒಂದು ಸರಕು ವಿಮಾನದಲ್ಲಿ ಸಾಮಾನು ಕಟ್ಟಿಸುವ, ಇಳಿಸುವ ಕೆಲಸದಲ್ಲಿದ್ದನು. ವಯಸ್ಸು ಇಪ್ಪತ್ತೇಳು, ಇನ್ನೂ ಮದುವೆಯಾಗಿರಲಿಲ್ಲ. ಅಸ್ಸಾಮಿನ ನೆಲೆಯಿಂದ ಅರುಣಾಚಲದ ಗುಡ್ಡಗಳ ನಡುವಿನ ಸಣ್ಣ ಇಳಿದಾಣಗಳಿಗೆ ಅಕ್ಕಿ, ಎಣ್ಣೆ, ಔಷಧ, ಒಮ್ಮೊಮ್ಮೆ ಜವಾನರನ್ನು ಒಯ್ಯುವ ವಿಮಾನವದು. ಮೇ ತಿಂಗಳಲ್ಲಿ ಅವನು ರಜೆಗೆ ಘೋಡಗೇರಿಗೆ ಬಂದನು. ಹಿಂದಿರುಗುವ ದಿನ ಹಿತ್ತಲಲ್ಲಿ ಸ್ನಾನ ಮಾಡುತ್ತಿದ್ದಾಗ ಅವನ ಕೊರಳಿನ ಶಿವದಾರ ನನ್ನ ಕಣ್ಣಿಗೆ ಬಿತ್ತು. ಇಷ್ಟಲಿಂಗವಿರುವ ಬೆಳ್ಳಿಯ ಕರಡಿಗೆಗೆ ಕಟ್ಟಿದ ದಾರ ಅದು. ಲಿಂಗ ಮೈಯಿಂದ ಅಗಲಬಾರದೆಂದು ನಮ್ಮಲ್ಲಿ ಆ ದಾರವನ್ನು ಜೋಪಾನ ಮಾಡುತ್ತೇವೆ.

"ಶಿವದಾರ ಸವದೈತಿ ನೋಡೋ. ನಾಕ ಎಳ್ಯಾಗ ಎರಡ ಹೋಗ್ಯಾವು" ಎಂದೆನು.

"ಅಪ್ಪಾ, ಮಿಲ್ಲಿನವರು ಹಾರಾ ಹಾಕಿ ಕಳಿಸಿದ್ರೂ ನೀ ಚೆಕ್ಕಿಂಗ್ ಬಿಡವಲ್ಲಿ. ನನಗೂ ಗುರ್ತಾ ಹಾಕಿ ಬಾಜೂಕ ಇಡತೀಯೇನು?"

"ಕುಂದರು, ಬ್ಯಾರೇದ ಮಾಡಿ ಕೊಡತೇನಿ."

"ಗಾಡಿ ಟೈಮ್ ಆಗೈತಿ. ಮಾಡಿ ಇಡು, ದೀಪಾವಳಿಗೆ ಬಂದಾಗ ಹಾಕ್ಕೋತೇನಿ."

ಘಟಪ್ರಭಾ ಸ್ಟೇಶನ್ನಿನಲ್ಲಿ ಮೂಡಲಗಿಯ ಶುಭಮ್ ಕಾಯುತ್ತಿದ್ದನು. ಭರ್ತಿಗೆ ತಯಾರಿ ಮಾಡುವಾಗ ಇಬ್ಬರೂ ಗೋಕಾಕದ ಮೈದಾನದಲ್ಲಿ ಕೂಡಿ ಓಡಿದವರು. ಶುಭಮ್ ಭೂಸೇನೆ ಸೇರಿ ಅದೇ ಗುಡ್ಡಗಳ ಮೇಲಿನ ಒಂದು ಠಾಣೆಯಲ್ಲಿದ್ದನು. ರಜೆ ಕೂಡಿ ತೆಗೆದುಕೊಂಡು ಬಂದಿದ್ದರು, ಕೂಡಿಯೇ ಹೋದರು. ಅದೇ ಮಧ್ಯಾಹ್ನ ನಾನು ಹೊಸ ದಾರ ಹೊಸೆದು ದೇವರ ಜಗಲಿಯ ಮೊಳೆಗೆ ತೂಗುಹಾಕಿದೆನು.

ಒಂಬತ್ತನೆಯ ದಿನ ಫೋನು ಬಂತು. ಮುಂಜಾನೆ ಹೊರಟ ವಿಮಾನ ಐವತ್ತು ನಿಮಿಷದ ದಾರಿ ಮುಗಿಸಿ ಇಳಿದಾಣ ಮುಟ್ಟಲಿಲ್ಲ. ಅದರಲ್ಲಿ ಹದಿಮೂರು ಜನರಿದ್ದರು. ಶುಭಮನೂ ಇದ್ದನು. ರಸ್ತೆಯಲ್ಲಿ ಎರಡು ದಿನ ತಿರುಗುತ್ತ ಹೋಗುವುದು ಬೇಡವೆಂದು ನನ್ನ ಮಗನೇ ಮೇಲಿನವರಲ್ಲಿ ಕೇಳಿ ಅವನಿಗೆ ಜಾಗ ಕೊಡಿಸಿದ್ದನು.

ನನ್ನ ಹೆಂಡತಿ ಚನ್ನವ್ವ ಆ ದಿನ ಅಳಲಿಲ್ಲ. ನಾನು ಹೊರಡುವಾಗ ಜಗಲಿಯ ಮೇಲಿನ ಹೊಸ ದಾರವನ್ನು ತೆಗೆದು ನನ್ನ ಕೈಯಲ್ಲಿಟ್ಟಳು.

"ಉಳದಿದ್ರ ಕೈ ಹಿಡಕೊಂಡ ಕರಕೊಂಡ ಬರ್ರಿ. ಹೋಗಿದ್ರ ನಮ್ಮ ಹೊಲದಾಗ ಕುಂದರಸಾಕ ತರ್ರಿ. ಖಾಲಿ ಕೈಲೆ ಬರಬ್ಯಾಡ್ರಿ."

ನಮ್ಮಲ್ಲಿ ಸತ್ತವರನ್ನು ಸುಡುವುದಿಲ್ಲ. ಸ್ನಾನ ಮಾಡಿಸಿ, ವಿಭೂತಿ ಧರಿಸಿ, ಎಡಗೈಯಲ್ಲಿ ಇಷ್ಟಲಿಂಗವಿಟ್ಟು ಪೂಜೆಗೆ ಕುಳಿತಂತೆ ಕೂರಿಸಿ ಮಣ್ಣು ಕೊಡುತ್ತೇವೆ. ದೇಹ ಸಿಗದವನನ್ನು ಎಲ್ಲಿ ಕೂರಿಸುವುದು? ಅವಳು ಕೇಳಿದ್ದು ಇಷ್ಟೇ. ನನಗೆ ಬೇಕಾದದ್ದೂ ಅಷ್ಟೇ.

ಸೇನೆಯವರು ಬೆಳಗಾವಿಯಿಂದ ವಿಮಾನದ ಟಿಕೀಟು ಕಳಿಸಿದರು. ನನ್ನ ಜೊತೆಗೆ ಶುಭಮನ ತಂದೆ ಹೊಳೆಪ್ಪ ಬಂದನು. ಮೂಡಲಗಿಯ ಕಡೆ ಕಬ್ಬು ಕಡಿಯುವ ಗ್ಯಾಂಗಿನಲ್ಲಿ ಮೂವತ್ತು ವರ್ಷ ದುಡಿದವನು, ಬುದ್ಧನನ್ನು ನಂಬಿದ ಮನೆತನ. ನನಗಿಂತ ಹತ್ತು ವರ್ಷ ಚಿಕ್ಕವನು. ಇಬ್ಬರೂ ಅಲ್ಲಿಯವರೆಗೆ ವಿಮಾನ ಹತ್ತಿದವರಲ್ಲ.

"ಕಿಡಕಿ ನಿಮಗಿರಲಿ ಕಾಕಾರ. ಬಟ್ಟಿ ನೋಡಿದ ಕಣ್ಣು, ಏನರ ಕಂಡ್ರ ನಮಗೂ ಹೇಳ್ರಿ" ಎಂದನು.

ವಿಮಾನ ಏರಿದ ಮೇಲೆ ಕೆಳಗೆ ಹೊಲಗಳು ಚೌಕಳಿ ಬಟ್ಟೆಯಂತೆ ಹಾಸಿಕೊಂಡವು. ಹೊಳೆ ಒಂದು ಬಿಳಿ ಎಳೆಯಾಯಿತು.

"ಮನಶ್ಯಾರು ಕಾಣತಾರೇನ್ರಿ?"

"ಎಮ್ಮಿನೂ ಕಾಣವಲ್ಲುವೋ."

"ಮನಿ?"

"ಊರೇ ಕಾಣವಲ್ಲುದು."

ಅಷ್ಟು ಹೇಳಿದ ಮೇಲೆ ಇಬ್ಬರಿಗೂ ಒಂದೇ ವಿಚಾರ ಬಂದಿರಬೇಕು. ಮೋಡವಿಲ್ಲದ ದಿನ, ಬಯಲು ನಾಡಿನಲ್ಲಿ, ನಮ್ಮದೇ ಊರು ನನಗೆ ಕಾಣಿಸಲಿಲ್ಲ.

ನೆಲೆಯಲ್ಲಿ ಮನೆಯವರ ಜೊತೆಗಿರಲು ಅಜಿತ ಎಂಬ ಸಾರ್ಜೆಂಟನನ್ನು ಕೊಟ್ಟಿದ್ದರು. ಹುಕ್ಕೇರಿ ತಾಲೂಕಿನ ಕಣಗಲಾದವನು, ಆಕಾಶದಿಂದ ತೆಗೆದ ಫೋಟೋಗಳನ್ನು ನೋಡುವ ವಿಭಾಗದಲ್ಲಿ ಕೆಲಸ. ನಮ್ಮ ಮಾತು ಕೇಳಿದೊಡನೆ ಅವನ ಮುಖ ಅರಳಿ, ನಾವು ಬಂದ ಕಾರಣ ನೆನಪಾಗಿ ಮತ್ತೆ ಬಾಡಿತು.

ಅವನು ಗೋಡೆಯ ನಕಾಶೆಯ ಮುಂದೆ ನಮ್ಮನ್ನು ನಿಲ್ಲಿಸಿ ಒಂದೊಂದನ್ನೂ ಹೇಳಿದನು. ದಿನದಲ್ಲಿ ಹುಡುಕಲು ಸಿಗುವುದು ಮುಂಜಾನೆಯ ಎರಡು ತಾಸು. ಒಂಬತ್ತಾಗುತ್ತಲೇ ಕಣಿವೆಗಳಿಂದ ಮೋಡ ಏಳುತ್ತದೆ. ಪಶ್ಚಿಮದ ಇಳಿಜಾರುಗಳಿಗೆ ಬಿಸಿಲು ಬೀಳುವುದು ಹನ್ನೊಂದಕ್ಕೆ, ಆಗ ಮೋಡ ತುಂಬಿರುತ್ತದೆ. ಕಣಿವೆ ಇಕ್ಕಟ್ಟು, ಹೆಲಿಕಾಪ್ಟರು ಒಳಗೆ ಹೋದರೆ ತಿರುಗಿಸಲು ಜಾಗವಿಲ್ಲ, ಮೇಲಿನಿಂದ ಹೋದರೆ ಏನೂ ಕಾಣದು. ಎತ್ತರದಲ್ಲಿ ಗಾಳಿ ತೆಳು. ಒಂದೇ ಕಡೆ ನಿಲ್ಲಲು ಯಂತ್ರಕ್ಕೆ ಶಕ್ತಿ ಸಾಲದು. ಬಿದ್ದ ವಿಮಾನ ಕೂಗಿ ಕರೆಯುವ ಒಂದು ಯಂತ್ರವಿರುತ್ತದೆ. ಅದು ಒಂದು ಸಲವೂ ಕೂಗಿಲ್ಲ.

"ಬೆಳ್ಳಿ ಕರಡಿಗಿ ಹೊಳೀತೈತಲ್ಲಪ್ಪ, ಬಿಸಲಿಗೆ?" ಎಂದು ಕೇಳಿದೆನು. ನನ್ನ ಬುದ್ಧಿ ಅಷ್ಟಕ್ಕೆ ಇಳಿದಿತ್ತು.

"ಅಲ್ಲೆ ಎಲ್ಲಾನೂ ಹೊಳೀತೈತ್ರಿ ಕಾಕಾ. ಒದ್ದಿ ಕಲ್ಲು, ಝರಿ, ಬಾಳಿ ಎಲಿ. ದಿನಾ ನೂರ ಕಡೆ ಹೊಳೀತೈತಿ, ನೂರೂ ಕಡೆ ಹೋಗಿ ನೋಡತಾರ." ತನ್ನ ಕಣ್ಣುಜ್ಜಿಕೊಂಡು ಹೇಳಿದನು, "ಇಪ್ಪತ್ತ ಮಿನಿಟ ಕೆಳಗ ನೋಡಿದ ಮ್ಯಾಲೆ ಕಣ್ಣ ತೆರದೇ ಇರತಾವ್ರಿ, ಆದ್ರ ನೋಡೂದು ನಿಂತಿರತೈತಿ."

ಆ ಮಾತು ನನಗೆ ತಿಳಿದ ಮಾತು. ಫೋಟೋಗಳನ್ನು ನನಗೂ ತೋರಿಸಬೇಕೆಂದು ಕೇಳಿಕೊಂಡೆನು. ಅಲ್ಲಿಯ ಅಧಿಕಾರಿ ದೊಡ್ಡ ಮನಸ್ಸಿನವರು. ತಮ್ಮ ಜನ ನೋಡಿ ಮುಗಿಸಿದ ಫೋಟೋಗಳನ್ನು ಮನೆಯವರು ನೋಡಿದರೆ ತಪ್ಪಿಲ್ಲವೆಂದು ಒಪ್ಪಿದರು. ನಾನು ಎರಡು ದಿನ ಕಿಟಕಿಯ ಬೆಳಕಿಗೆ ಕುಳಿತು ಕಾಡು ನೋಡಿದೆನು.

ವಿಮಾನ ಕಾಣೆಯಾದ ಆರನೆಯ ದಿನ ಕಂಡಿತು. ಎರಡು ಹೊಳೆ ಕೂಡುವ ಜಾಗದ ಮೇಲಿನ ಇಳಿಜಾರಿನಲ್ಲಿ ಒಂದು ನೆಟ್ಟನೆಯ ಗೆರೆ, ಕೆಳತುದಿಯಲ್ಲಿ ಅಗಲ. ಉಳಿದ ಕಾಡಿಗಿಂತ ತುಸು ತಿಳಿ ಹಸಿರು. ಕಾಡಿನಲ್ಲಿ ಅಷ್ಟು ನೆಟ್ಟಗೆ ಏನೂ ಬೆಳೆಯುವುದಿಲ್ಲ. ನನ್ನ ಎದೆ ಬಡಿಯತೊಡಗಿತು. ಮೂವತ್ತೊಂದು ವರ್ಷದಲ್ಲಿ ಬಟ್ಟೆಯ ಮುಂದೆ ಅದು ಎಂದೂ ಹಾಗೆ ಬಡಿದಿರಲಿಲ್ಲ. ಅಲ್ಲಿಗೇ ನಾನು ಎಚ್ಚರಾಗಬೇಕಿತ್ತು.

ಅಜಿತ ಅದನ್ನು ಒಳಗೆ ಒಯ್ದು ತೋರಿಸಿ ಬಂದನು.

"ಸಾಹೇಬ್ರೂ ನೋಡ್ಯಾರ್ರಿ. ಅದು ವಿಮಾನದ ದಾರಿ ಬಿಟ್ಟು ಭಾಳ ಬಾಜೂಕ ಆಗತೈತಿ, ಇರಂಗಿಲ್ಲ ಅಂತಾರ."

"ಅಲ್ಲೇ ಐತಿ."

"ಅಲ್ರಿ ಕಾಕಾ, ಮುಂಜಾನಿ ಎರಡ ತಾಸು ಅಷ್ಟ ಸಿಗತೈತಿ. ಆ ಕಡೆ ಹೋದ್ರ ಈ ಕಡೆ ಬಿಡಬೇಕಾಗತೈತಿ. ಖಾತ್ರಿ ಐತೇನ್ರಿ ನಿಮಗ?"

ನಾನು ಎದೆಯ ಮೇಲೆ ಕೈಯಿಟ್ಟು ಅಂಗಿಯ ಒಳಗಿನ ಕರಡಿಗೆಯನ್ನು ಹಿಡಿದೆನು.

"ಲಿಂಗ ಮುಟ್ಟಿ ಹೇಳತೇನಿ. ಅಲ್ಲೇ ಅದಾರ."

ಆವರೆಗೆ ನನ್ನ ಆಯುಷ್ಯದಲ್ಲಿ ನಾನು ಹಾಗೆ ಹೇಳಿದವನಲ್ಲ. ಅಜಿತನ ಮನೆಯಲ್ಲಿಯೂ ಲಿಂಗಪೂಜೆ ಮಾಡುವ ಹಿರಿಯರಿದ್ದರು. ಆ ಮಾತು ಕೇಳಿದ ಮೇಲೆ ಅವನು ಎದುರು ಮಾತಾಡಲಿಲ್ಲ. ಒಳಗೆ ಹೋಗಿ ಬಹಳ ಹೊತ್ತು ಮಾತಾಡಿದನು. ಬಾಗಿಲಿನ ಸಂದಿಯಿಂದ ಅಧಿಕಾರಿ ನನ್ನ ಕಡೆ ಒಮ್ಮೆ ನೋಡಿದ್ದು ಕಾಣಿಸಿತು. ಹೊಳೆಪ್ಪ ನನ್ನ ಬಾಜೂಕೆ ನಿಂತು ಆ ಫೋಟೋವನ್ನು ದಿಟ್ಟಿಸುತ್ತಿದ್ದನು. ಏನೋ ಹೇಳಲು ಬಾಯಿ ತೆರೆದು ಸುಮ್ಮನಾದನು.

ಮೊದಲ ಮುಂಜಾನೆ ಹೆಲಿಕಾಪ್ಟರು ಮೋಡಕ್ಕೆ ಸಿಕ್ಕು ಹಿಂದಿರುಗಿತು. ಎರಡನೆಯ ಮುಂಜಾನೆ ಮುಟ್ಟಿತು, ಆದರೆ ಗಾಳಿಗೆ ನಿಲ್ಲಲಾಗಲಿಲ್ಲ. ಮೂರನೆಯ ಮುಂಜಾನೆ ಇಬ್ಬರನ್ನು ಹಗ್ಗದಿಂದ ಇಳಿಸಿದರು. ಅವರೂ ಯಾರದೋ ಮಕ್ಕಳು. ಜೀವ ಒತ್ತೆಯಿಟ್ಟು ನನ್ನ ಮಾತಿನ ಮೇಲೆ ಇಳಿದರು. ಆ ದಿನ ಹತ್ತು ಗಂಟೆಗೆ ಅಜಿತ ನಮ್ಮ ಕೋಣೆಗೆ ಬಂದನು.

"ವಿಮಾನ ಸಿಕ್ಕೈತ್ರಿ ಕಾಕಾ" ಎಂದನು. ಕುಳಿತುಕೊಳ್ಳಲಿಲ್ಲ. "ಆದ್ರ ನಮ್ಮದಲ್ರಿ."

ಅದು ಎಂಬತ್ತು ವರ್ಷ ಹಿಂದೆ, ದೊಡ್ಡ ಯುದ್ಧದ ಕಾಲದಲ್ಲಿ ಬಿದ್ದ ಯಾವುದೋ ಪರದೇಶದ ವಿಮಾನ. ರೆಕ್ಕೆಯನ್ನು ತೂರಿ ಒಂದು ಮರ ಬೆಳೆದು ಆಳೆತ್ತರ ದಾಟಿ ಎಷ್ಟೋ ಕಾಲವಾಗಿತ್ತು. ಒಳಗೆ ಐವರ ಎಲುಬುಗಳಿದ್ದವು. ಮುರಿದ ಕಾಡು ತುಂಬಿಕೊಳ್ಳುವಾಗ ಬೇರೆ ಜಾತಿಯ ಮರಗಳು ಬೆಳೆದು ಆ ತಿಳಿ ಹಸಿರು ಉಳಿದಿತ್ತು.

ಮೂರು ಮುಂಜಾನೆ ಹೋದವು. ಮಳೆಗಾಲ ಬಾಗಿಲಲ್ಲಿತ್ತು. ಮರುದಿನ ಅಧಿಕಾರಿ ಎಲ್ಲ ಮನೆಯವರನ್ನೂ ಕರೆದು, ಭಾನುವಾರದವರೆಗೆ ನೋಡುವೆವು, ಆಮೇಲೆ ಮಳೆ ನಿಂತ ಮೇಲೆ ಎಂದರು. ಮಳೆ ನಿಲ್ಲುವುದೆಂದರೆ ಅಕ್ಟೋಬರ್. ಉಳಿದವನು ಯಾವನೂ ಅಲ್ಲಿಯವರೆಗೆ ಉಳಿಯಲಾರ. ಹೋದವನು ಮಣ್ಣಿಗೆ ಸಿಗುವಂತೆ ಇರಲಾರ. ಅವರು ನನ್ನ ಹೆಸರು ಎತ್ತಲಿಲ್ಲ. ಎತ್ತಿದ್ದರೆ ನನಗೆ ಸಮಾಧಾನವಾಗುತ್ತಿತ್ತು.

ಆ ದಿನ ನಾನು ಸ್ನಾನ ಮಾಡಿದೆನು, ವಿಭೂತಿ ಹಚ್ಚಿದೆನು. ಲಿಂಗವನ್ನು ಅಂಗೈಗೆ ತೆಗೆದುಕೊಳ್ಳಲು ಧೈರ್ಯವಾಗಲಿಲ್ಲ. ಪೂಜೆಯಿಲ್ಲದೆ ನಾನು ಉಣ್ಣುವವನಲ್ಲ. ಮಧ್ಯಾಹ್ನ ಹೊಳೆಪ್ಪ ಎರಡು ತಾಟು ಹಿಡಿದುಕೊಂಡು ಬಂದು ಒಂದನ್ನು ನನ್ನ ಮುಂದಿಟ್ಟನು.

"ಏಳ್ರಿ, ಪೂಜಿ ಮಾಡ್ಕೊರ್ರಿ. ಅನ್ನ ಆರತೈತಿ. ಇಲ್ಲಿನವರು ಸಾರಿಗೆ ಬೆಲ್ಲ ಹಾಕ್ಯಾರೋ ಸಾಬಾನ ಹಾಕ್ಯಾರೋ ತಿಳೀವಲ್ಲುದು, ಬಿಸಿ ಇದ್ದಾಗ ಉಂಡ್ರ ಗೊತ್ತಾಗಂಗಿಲ್ಲ."

"ನನಗ ಬ್ಯಾಡೋ."

"ಯಾಕ್ರಿ?"

ಹೇಳಿದೆನು. ಎದೆಯಲ್ಲಿದ್ದುದೆಲ್ಲವನ್ನೂ ಹೇಳಿದೆನು. ಕಣ್ಣಿಗೆ ಕಂಡಷ್ಟನ್ನು ಹೇಳುವುದು ಬಿಟ್ಟು, ಮನಸ್ಸಿಗೆ ಬೇಕಾದುದನ್ನು ಲಿಂಗದ ಮೇಲೆ ಹೊರಿಸಿದೆ ಎಂದೆನು. ಹದಿಮೂರು ಮನೆಗಳ ಮೂರು ಮುಂಜಾನೆ ಕಳೆದೆ ಎಂದೆನು. ಕೊನೆಗೆ ಬೇರೊಂದೂ ಬಂತು.

"ನಿನ್ನ ಮಗಾ ರಸ್ತಾದಾಗ ಹೋಗಿದ್ರ ಉಳೀತಿದ್ದ ಹೊಳೆಪ್ಪ. ನನ್ನ ಮಗಾನ ಅವಗ ಜಾಗಾ ಕೊಡಿಸಿದ."

ಹೊಳೆಪ್ಪ ಅನ್ನ ಕಲಸುತ್ತಿದ್ದವನು ಕೈ ನಿಲ್ಲಿಸಿದನು.

"ಗೊತ್ತೈತ್ರಿ ನನಗ. ಹಿಂದಿನ ದಿವಸ ಶುಭಮ್ ಫೋನ್ ಹಚ್ಚಿದ್ದ. ಶೈಲಣ್ಣ ವಿಮಾನದಾಗ ಕರಕೊಂಡ ಹೊಂಟಾನು, ಈ ಸಲ ಎರಡ ದಿವಸ ಟ್ರಕ್ಕಿನ್ಯಾಗ ವಾಂತಿ ಮಾಡ್ಕೋತ ಹೋಗೂದ ತಪ್ಪಿತು ಅಂತ ಹೇಳಿ ಹಿಂಗ ನಕ್ಕಾ. ಆ ನಗಿ ಇನ್ನೂ ನನ್ನ ಕಿವ್ಯಾಗ ಐತ್ರಿ." ಅವನು ಸ್ವಲ್ಪ ಹೊತ್ತು ತಾಟು ನೋಡಿದನು. "ನಿಮ್ಮ ಮಗಾ ನನ್ನ ಮಗಗ ಕೆಟ್ಟದ್ದ ಮಾಡಲಿಲ್ರಿ. ಅದನ್ನ ಇನ್ನೊಮ್ಮಿ ಅನಬ್ಯಾಡ್ರಿ."

ಆಮೇಲೆ ಅವನೇ ಕೇಳಿದನು.

"ಆ ಗೆರಿ ಹಸರ ಇತ್ತಲ್ರಿ?"

"ಹೌದು. ತಿಳಿ ಹಸರು."

"ಹಸರ ಇದ್ರ ಹೊಸಾ ಮುರುಕ ಹೆಂಗ ಆದೀತ್ರಿ? ಗಾಳಿಗೆ ಕಬ್ಬ ಬಿದ್ದಾಗ ಮೊದಲ ನಾಕ ದಿವಸ ಯಾರಿಗೂ ತಿಳಿಯಂಗಿಲ್ಲ, ಎಲ್ಲಾ ಹಸರನ ಇರತೈತಿ. ಎಂಟ ಹತ್ತ ದಿವಸಕ್ಕ ಬಾಗಿದ್ದು ತಿರಗಿ ತಲಿ ಎತ್ತತೈತಿ, ಮುರದದ್ದು ಕೆಂಪಾಗತೈತಿ. ಆಗ ನಾವು ಒಡ್ಡಿನ ಮ್ಯಾಲೆ ನಿಂತು ಎಲ್ಲೆ ಮುರದೈತಿ ಅಂತ ಬೆರಳ ಮಾಡಿ ತೋರಸ್ತೇವ್ರಿ."

ನಾನು ಅವನ ಮುಖ ನೋಡಿದೆನು. "ಇದನ್ನ ಅವತ್ತ ಯಾಕ ಹೇಳಲಿಲ್ಲೋ?"

"ನೀವು ಲಿಂಗ ಮುಟ್ಟಿದ್ರಲ್ರಿ. ಆಮ್ಯಾಲೆ ನಾ ಏನಂತ ಬಾಯಿ ತಗೀಲಿ?"

ನಾನು ಕಳೆದದ್ದು ಮೂರು ಮುಂಜಾನೆಯಷ್ಟೇ ಎಂದು ತಿಳಿದಿದ್ದೆನು. ಬಾಜೂಕೆ ನಿಂತು ಸರಿಯಾದುದನ್ನು ಬಲ್ಲವನ ಬಾಯನ್ನೂ ನಾನೇ ಕಟ್ಟಿದ್ದೆನು. ಏಳಲು ಹೊರಟರೆ ಹೊಳೆಪ್ಪ ಬಿಡಲಿಲ್ಲ. ಪೂಜೆ ಮಾಡಿ ಉಂಡೇ ಏಳಬೇಕೆಂದನು. ಲಿಂಗವನ್ನು ಅಂಗೈಯಲ್ಲಿಟ್ಟುಕೊಂಡು ತಪ್ಪಾಯಿತೆಂದು ಕೇಳಿಕೊಂಡೆನು. ಆಮೇಲೆ ಇಬ್ಬರೂ ಅಜಿತನ ಕಡೆ ಹೋದೆವು.

ವಿಮಾನ ಕಾಣೆಯಾಗಿ ಹನ್ನೊಂದು ದಿನವಾಗಿತ್ತು. ಎರಡನೆಯ ದಿನ ತೆಗೆದ ಫೋಟೋ ಮತ್ತು ಈಚಿನ ಎರಡು ದಿನಗಳಲ್ಲಿ ಅದೇ ಇಳಿಜಾರಿನಲ್ಲಿ ತೆಗೆದ ಫೋಟೋ, ಜೋಡಿ ಜೋಡಿಯಾಗಿ ಬೇಕೆಂದು ಕೇಳಿದೆನು. ಅಜಿತ ತಲೆ ಕೆರೆದುಕೊಂಡನು. ಒಂದೇ ಕೋನದಿಂದ ತೆಗೆದವು ಕಡಿಮೆ, ಅರ್ಧಕ್ಕೆ ಮೋಡ ಬಂದಿದೆ ಎಂದನು. ಆದರೂ ಸಂಜೆಯವರೆಗೆ ಕುಳಿತು ಅರವತ್ತು ಜೋಡಿ ಆರಿಸಿದನು.

ಮರುದಿನ ಮುಂಜಾನೆ ನಾವು ಕಿಟಕಿಯ ಬಳಿ ಮೇಜು ಹಾಕಿಕೊಂಡೆವು. ಹೊಳೆಪ್ಪ ಒಂದೊಂದು ಜೋಡಿ ಮುಂದಿಡುವನು, ನಾನು ನೋಡುವೆನು. ಮಿಲ್ಲಿನಲ್ಲಿ ಮಾದರಿಯ ತುಂಡನ್ನು ಪಕ್ಕದಲ್ಲಿಟ್ಟು ಬಟ್ಟೆಯ ಬಣ್ಣ ನೋಡುತ್ತಿದ್ದಂತೆ. ಹತ್ತು ಜೋಡಿಗೊಮ್ಮೆ ಕಣ್ಣು ಮುಚ್ಚಿ ನೂರೆಂಟು ಸಲ ಮಂತ್ರ ಎಣಿಸುವೆನು, ಮತ್ತೆ ತೆರೆಯುವೆನು. ಇಲ್ಲಿರಲಿ ಎಂದುಕೊಳ್ಳಲಿಲ್ಲ, ಅಲ್ಲಿರಲಿ ಎಂದುಕೊಳ್ಳಲಿಲ್ಲ. ಕಾಡು ತನ್ನ ಪಾಡಿಗೆ ಹರಿಯಿತು. ಊಟದ ಹೊತ್ತಾಯಿತು. ಹೊಳೆಪ್ಪ ಒಮ್ಮೆ ಮಾತ್ರ ಮಾತಾಡಿದನು: "ಕಾಕಾರ, ನಿಮ್ಮ ಮಿಲ್ಲಿನ್ಯಾಗ ಇಷ್ಟ ಹೊತ್ತ ಮಾತಾಡದ ಕುಂದ್ರತಿದ್ರೇನ್ರಿ? ಕಬ್ಬಿನ ಹೊಲದಾಗ ಆಗಿದ್ರ ನಾ ಸತ್ತ ಹೋಗತಿದ್ದೆ."

ನಲವತ್ತೆರಡನೆಯ ಜೋಡಿಯಲ್ಲಿ ಕೈ ತಾನಾಗಿ ನಿಂತಿತು. ಬೆಟ್ಟದ ನೆತ್ತಿಯ ತುಸು ಕೆಳಗೆ, ಒಂದು ಜೋಳದ ಕಾಳಿನಷ್ಟು ಕಂದು ಕಲೆ. ಹಳೆಯ ಫೋಟೋದಲ್ಲಿ ಅದೇ ಜಾಗ ಮಂಜು ಕವಿದ ಹಸಿರಾಗಿತ್ತು. ಈ ಸಲ ಎದೆ ಬಡಿಯಲಿಲ್ಲ. ಹೊಳೆಪ್ಪನ ಕಡೆ ಸರಿಸಿದೆನು. ಅವನು ಕಣ್ಣಿನ ಹತ್ತಿರ ಹಿಡಿದು ಬಹಳ ಹೊತ್ತು ನೋಡಿ ತಲೆಯಾಡಿಸಿದನು.

ಅಜಿತ ಬಂದು ನೋಡಿದನು. ಕೇಳಲೋ ಬೇಡವೋ ಎಂದು ಅನುಮಾನಿಸಿ ಕೇಳಿದನು.

"ಲಿಂಗ ಮುಟ್ಟಿ ಹೇಳತೀರೇನ್ರಿ ಕಾಕಾ?"

"ಇಲ್ಲಪ್ಪ. ಇಲ್ಲಿ ಬಣ್ಣ ಬದಲಾಗೈತಿ, ಅಷ್ಟ ನನಗ ಕಾಣತೈತಿ. ವಿಮಾನ ಐತೋ ಇಲ್ಲೋ ನನಗ ಗೊತ್ತಿಲ್ಲ."

"ಮುರದು ಎಂಟ ಹತ್ತ ದಿವಸ ಆಗೈತ್ರಿ" ಎಂದನು ಹೊಳೆಪ್ಪ. "ಯಾವದು ಮುರೀತು ಅನ್ನೂದ ನನಗೂ ಗೊತ್ತಿಲ್ಲ."

ಅಜಿತ ಇದನ್ನೇ ಹೀಗೆಯೇ ಒಳಗೆ ಹೋಗಿ ಹೇಳಿದನು. ಅಧಿಕಾರಿ ಹೊರಗೆ ಬಂದು ನಮ್ಮ ಮೇಜಿನ ಮೇಲೆ ಬಾಗಿ ತಾವೇ ನೋಡಿದರು. ಆ ಬೆಟ್ಟ ವಿಮಾನದ ದಾರಿಯಲ್ಲಿಯೇ ಇತ್ತು. ಅದರ ಮೇಲೆ ಏಳು ಸಲ ಹಾರಿದ್ದರಂತೆ.

ಶನಿವಾರ ಮುಂಜಾನೆ ಮೋಡ ನಲವತ್ತು ನಿಮಿಷ ತೆರೆಯಿತು. ಹೆಲಿಕಾಪ್ಟರಿನವರು ಕಂದಾದ ಮರಗಳ ಕೆಳಗೆ ಬಾಲದ ತುಂಡನ್ನು ಕಂಡರು. ಹನ್ನೊಂದು ಸಾವಿರ ಅಡಿ ಎತ್ತರ. ನೆತ್ತಿ ದಾಟಲು ಇನ್ನೂರು ಅಡಿ ಸಾಲದೆ ಹೋಗಿತ್ತು. ಯಾರೂ ಉಳಿದಿರಲಿಲ್ಲ. ಬಿದ್ದ ಕ್ಷಣದಲ್ಲಿಯೇ ಹೋಗಿರಬೇಕು, ನರಳಿಲ್ಲ ಎಂದು ಅಧಿಕಾರಿ ಹೇಳಿದರು. ಆ ಮಾತು ನಿಜವಿರಲಿ ಎಂದು ಬೇಡಿಕೊಂಡೆನು. ನನ್ನ ಮೂರು ಮುಂಜಾನೆಗಳಿಂದ ಯಾವ ಜೀವವೂ ಹೋಗಲಿಲ್ಲವೆಂದು ಅದರಿಂದ ತಿಳಿಯಿತು. ಆದರೂ ಅದು ನನ್ನ ತಪ್ಪನ್ನು ಕಡಿಮೆ ಮಾಡುವುದಿಲ್ಲ.

ಬೆಟ್ಟ ಹತ್ತುವವರು ಒಂಬತ್ತು ಜನ ಅಲ್ಲಿಗೆ ಹೋದರು; ಮಳೆಗೆ ಸಿಕ್ಕು ಹದಿನೇಳು ದಿನ ಅಲ್ಲಿಯೇ ಉಳಿದರು. ನಾವು ಊರಿಗೆ ಬಂದು ಕಾಯ್ದೆವು. ಖಾಲಿ ಕೈಯಲ್ಲಿ ಬರಬೇಡಿರೆಂದವಳಿಗೆ ನಾನು, "ಸಿಕ್ಕಾನ, ತರಾಕತ್ತಾರ" ಎಂದೆನು. ಆಗ ಅವಳು ಅತ್ತಳು.

ಜುಲೈ ಮೊದಲ ವಾರ ಬೆಳಗಾವಿಯ ಸಾಂಬ್ರಾ ವಿಮಾನ ನಿಲ್ದಾಣಕ್ಕೆ ಎರಡು ಪೆಟ್ಟಿಗೆಗಳು ಬಂದವು. ಜೊತೆಗೆ ಅಜಿತ ಬಂದಿದ್ದನು. ನಮ್ಮಿಬ್ಬರನ್ನೂ ಒಂದು ಬದಿಗೆ ಕರೆದು ನಿಂತನು.

"ಪೆಟಗಿ ತಗಿಯೂ ಹಂಗಿಲ್ರಿ. ಪರೀಕ್ಷಾ ಮಾಡಿ ಹೆಸರ ಬರದಾರ. ಆದ್ರ..." ಅವನು ನೆಲ ನೋಡಿದನು. "ಇಬ್ಬರೂ ಬಾಜೂ ಬಾಜೂಕ ಕುಂತಿದ್ರು. ಎಲ್ಲಾನೂ ಬ್ಯಾರೆ ಮಾಡಾಕ ಆಗಿಲ್ರಿ. ನಿಮಗ ಸುಳ್ಳ ಹೇಳಾಕ ನನಗ ಬಾಯಿ ಬರವಲ್ಲುದು."

ಅನಂತರ ಜೇಬಿನಿಂದ ಒಂದು ಲಕೋಟೆ ತೆಗೆದು ನನ್ನ ಕೈಗೆ ಕೊಟ್ಟನು. ಒಳಗೆ ಶ್ರೀಶೈಲನ ಕರಡಿಗೆಯಿತ್ತು. ಒಂದು ಬದಿ ನೆಗ್ಗಿತ್ತು. ತೆರೆದು ನೋಡಿದರೆ ಲಿಂಗಕ್ಕೆ ಏನೂ ಆಗಿರಲಿಲ್ಲ. ದಾರವೂ ಇತ್ತು. ನಾನು ಬೆಳಕಿಗೆ ಹಿಡಿದು ನೋಡಿದೆನು. ನಾಲ್ಕು ಎಳೆಯಲ್ಲಿ ಎರಡು ಮೊದಲೇ ಸವೆದಿದ್ದವು. ಉಳಿದ ಎರಡು ಹರಿದಿರಲಿಲ್ಲ.

ಸಾಂಬ್ರಾದಿಂದ ಘೋಡಗೇರಿಯೇ ಮೊದಲು ಸಿಗುತ್ತದೆ. ಆದರೆ ನಾನು ಹೊಳೆಪ್ಪನಿಗೆ ಮೊದಲು ಮೂಡಲಗಿಗೆ ಹೋಗೋಣ ಎಂದೆನು.

"ಯಾಕ್ರಿ? ಅಲ್ಲೆ ಅವ್ವಾರು ಕಾಯಾಕತ್ತಿರತಾರ."

"ನಮ್ಮಲ್ಲಿ ಲಿಂಗ ಕೈಯಾಗ ಇಟ್ಟು ಮಣ್ಣ ಕೊಡಬೇಕು ಹೊಳೆಪ್ಪ. ಅವನ ಕೈ ಯಾವ ಪೆಟಗ್ಯಾಗ ಐತೋ ನನಗ ಗೊತ್ತಿಲ್ಲ. ನಿನ್ನ ಮಗನ ಪೆಟಗಿಗೆ ಒಮ್ಮಿ ಮುಟ್ಟಿಸಿ ಒಯ್ಯತೇನಿ. ನೀ ಹೂಂ ಅಂದ್ರ."

ಗಾಡಿ ಹೊರಡುವಾಗ ಹೊಳೆಪ್ಪ ಡ್ರೈವರನಿಗೆ, "ಮೊದಲ ಮೂಡಲಗಿಗೆ ನಡೀರಿ" ಎಂದನು.

ಅವರ ಓಣಿಯಲ್ಲಿ ಜನ ಬಿಳಿ ಬಟ್ಟೆ ಉಟ್ಟು ನಿಂತಿದ್ದರು. ಶುಭಮನ ತಾಯಿ ಸತ್ತೆವ್ವ ಪೆಟ್ಟಿಗೆಯ ಮೇಲೆ ಬಿದ್ದು ಅತ್ತು, ಅತ್ತು, ಸುಮ್ಮನಾಗಿದ್ದಳು. ಹೊಳೆಪ್ಪ ಅವಳ ಕಿವಿಯಲ್ಲಿ ಏನೋ ಹೇಳಿದನು. ಅವಳು ನನ್ನ ಕಡೆ ನೋಡಿ ಸರಿದು ಜಾಗ ಬಿಟ್ಟಳು. ನಾನು ಲಿಂಗವನ್ನು ಹೊರತೆಗೆದು ಪೆಟ್ಟಿಗೆಯ ಎಡಬದಿಗೆ ಮುಟ್ಟಿಸಿ ಹಿಡಿದೆನು.

"ಗಡಬಡಿ ಮಾಡಬ್ಯಾಡ್ರಿ ಅಣ್ಣಾರ" ಎಂದಳು ಸತ್ತೆವ್ವ. "ಹಿಡೀರಿ ಇನ್ನ ಸ್ವಲ್ಪ."

ಅವರ ಹಿರಿಯರು ಬುದ್ಧವಂದನೆ ಹೇಳಿ ಮುಗಿಸುವವರೆಗೆ ಹಿಡಿದೇ ನಿಂತೆನು. ನನ್ನ ಹರೆಯದಲ್ಲಿ ಜಾತಿ ನೋಡಿ ಅಂಥ ಓಣಿಗಳಿಗೆ ನಮ್ಮವರು ಹೋಗುತ್ತಿರಲಿಲ್ಲ, ನಾನೂ ಹೋದವನಲ್ಲ. ಅದನ್ನು ಇಲ್ಲಿ ಹೇಳದಿದ್ದರೆ ಮುಚ್ಚಿಟ್ಟಂತಾಗುತ್ತದೆ.

ಘೋಡಗೇರಿಯ ನಮ್ಮ ಹೊಲದಲ್ಲಿ ಕುಣಿ ತೋಡಿಟ್ಟಿದ್ದರು. ಕುಳಿತವನಿಗೆ ತಕ್ಕ ಅಳತೆ, ಬದಿಯಲ್ಲಿ ಗೂಡು. ಪೆಟ್ಟಿಗೆ ಉದ್ದವಿತ್ತು. ಮತ್ತೆ ಗುದ್ದಲಿ ತರಿಸಬೇಕಾಯಿತು. ಮಣ್ಣು ಹಸಿಯಾಗಿತ್ತು. ಮೂಡಲಗಿಯಿಂದ ನನ್ನ ಹಿಂದೆಯೇ ಬಂದ ಹೊಳೆಪ್ಪ ಅಂಗಿ ತೋಳು ಮಡಚಿ ಕುಣಿಗೆ ಇಳಿದನು. ಅದೇ ದಿನ ತನ್ನ ಮಗನನ್ನು ಕಳಿಸಿ ಬಂದವನು. ಒಬ್ಬಿಬ್ಬರು ಮುಖ ನೋಡಿಕೊಂಡರು. ಮಠದ ಅಯ್ಯನವರು, "ತೋಡಲಿ ಬಿಡ್ರಿ" ಎಂದರು.

ಪೆಟ್ಟಿಗೆ ಇಳಿಸಿದ ಮೇಲೆ ಅಯ್ಯನವರು ಪತ್ರಿ, ವಿಭೂತಿ ಹಾಕಿದರು. ನಾನು ಕರಡಿಗೆಯನ್ನು ಎಡಬದಿಯಲ್ಲಿಟ್ಟೆನು. ಹಳೆಯ ದಾರ ಬಿಚ್ಚಲಿಲ್ಲ. ದೀಪಾವಳಿಗೆಂದು ಹೊಸೆದುದನ್ನು ಅದರ ಬಳಿಯಲ್ಲಿ ಸುತ್ತಿಟ್ಟೆನು. ಎಂಬತ್ತು ವರ್ಷ ಮರದ ಕೆಳಗಿದ್ದ ಆ ಐವರು ಆಗ ನೆನಪಿಗೆ ಬಂದರು. ಅವರಿಗೆ ಯಾರು ಏನು ಇಟ್ಟರೋ. ಅವರ ಹೆಸರಿಗೂ ಒಂದು ಹಿಡಿ ಮಣ್ಣು ಹಾಕಿದೆನು.

ಮನೆಗೆ ಬಂದು ಕಾಲು ತೊಳೆಯುವಾಗ ಚನ್ನವ್ವ ಹಿತ್ತಲ ಬಾಗಿಲಲ್ಲಿ ನಿಂತಿದ್ದಳು. ಅವಳು ಕುಣಿಯ ಹತ್ತಿರ ಬಂದಿರಲಿಲ್ಲ.

"ಕುಂತಾನೇನ್ರಿ?" ಎಂದಳು.

ಹೂಂ ಎಂದರೆ ಅವಳು ಆ ದಿನ ಒಂದು ತುತ್ತು ಉಣ್ಣುತ್ತಿದ್ದಳು. ನನ್ನ ಕೈ ಎದೆಯ ಕಡೆ ಹೊರಟಿತ್ತು. ತಡೆದೆನು.

"ಗೊತ್ತಿಲ್ಲ ಚನ್ನವ್ವ. ಪೆಟಗಿ ತಗಿಯಾಕ ಬಿಡಲಿಲ್ಲ. ಲಿಂಗ ಅವನ ಬಾಜೂಕ ಇಟ್ಟೇನಿ. ದಾರ ಹರದಿರಲಿಲ್ಲ. ಇಷ್ಟು ನಾ ಕಣ್ಣಲೆ ಕಂಡೇನಿ."

ಅವಳು ಹೊಸ್ತಿಲ ಮೇಲೆ ಕುಳಿತಳು. ಅಲ್ಲಿಂದಲೇ ಕೇಳಿದಳು, "ಎರಡ ಎಳಿಲೇ ತಡೀತೇನ್ರಿ?"

"ತಡದೈತಿ."

ಅವಳು ಎದ್ದು ಒಳಗೆ ಹೋಗಿ ನನಗೂ ಹೊಳೆಪ್ಪನಿಗೂ ಕುಡಿಯಲು ನೀರು ತಂದಳು.